ಪಾಲಿನ ಎಮ್ಮೆ ಯಾರ ಮನೆಯೊಳಗೆ

ಸದಲಗಾದ ಹಾಲಿನ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ವರ್ಷಗಳಲ್ಲಿ ನಾನು ಹೆಮ್ಮೆಯಿಂದ ಹೇಳಿಕೊಳ್ಳುವಂಥ ಒಂದು ಕೆಲಸ ಮಾಡಿದ್ದೇನೆ. ಪೂರ್ತಿ ನಾನೇ ಮಾಡಿದೆನೇ ಎಂಬ ಅನುಮಾನ ಮಾತ್ರ ಇದ್ದೇ ಇದೆ.

ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಡಾಕ್ಟರರ ತಂಡ ಊರೂರು ತಿರುಗುವುದಿತ್ತು. ದನಗಳ ಮಾಹಿತಿಯನ್ನೆಲ್ಲ ಒಂದೇ ಎಕ್ಸ್‌ಎಂಎಲ್ ಕಡತ ಮಾಡಿ ಕಳಿಸಿರಿ ಎಂದು ಮೇಲಿನ ಕಚೇರಿ ಕೇಳಿತು. ಅದರಿಂದಲೇ ಮನೆಮನೆಯ ಪಟ್ಟಿ ತೆಗೆಯುವವರಿದ್ದರು. ನಮ್ಮ ಮಾಹಿತಿ ಬೇರೆ ಬೇರೆ ಟೇಬಲ್‌ಗಳಲ್ಲಿತ್ತು: ಸದಸ್ಯರದೊಂದು, ದನಗಳದೊಂದು, ಕರುಗಳದೊಂದು, ಹಾಕಿದ ಸೂಜಿಗಳದೊಂದು. ಒಂದಕ್ಕೂ ಇನ್ನೊಂದಕ್ಕೂ ನಂಬರಿನ ಗಂಟು. ಎಕ್ಸ್‌ಎಂಎಲ್‌ನಲ್ಲಿ ಅದನ್ನು ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ ಜೋಡಿಸಬೇಕು. ನಾನು ಮನೆಯೊಳಗೆ ಎಮ್ಮೆ, ಎಮ್ಮೆಯೊಳಗೆ ಕರು, ಕರುವಿನೊಳಗೆ ಸೂಜಿ ಇಟ್ಟೆ. ಎರಡು ದಿನ ಬೀಗಿದೆ.

ಮೂರನೆಯ ದಿನ ಹಾಲು ಹಾಕಲು ಬಂದ ಹೆಂಗಸೊಬ್ಬರು ನನ್ನ ಪರದೆಯತ್ತ ಇಣುಕಿದರು. ನಾನು ಅವರನ್ನು, ನಮ್ಮ ಗಡಿಯ ಕಡೆ ಚಿಕ್ಕಮ್ಮನನ್ನು ಕರೆಯುವ ಹಾಗೆ, ಮಾವಶಿ ಎನ್ನುತ್ತಿದ್ದೆ. ಕೂಲಿ ಮಾಡಿಕೊಂಡು ಒಂದು ಎಮ್ಮೆ ಸಾಕಿದ್ದರು. ಹಿಂದಿನ ವರ್ಷ ಇದೇ ಬೇನೆಗೆ ಅವರ ಕರು ಸತ್ತಿತ್ತು.

"ನನ್ನ ಎಮ್ಮಿ ಬಂದೈತೇನ ತಂಗಿ ಅದರಾಗ?"

ಹುಡುಕಿದೆ. ಅವರ ಹೆಸರಿನೊಳಗೆ ಏನೂ ಇರಲಿಲ್ಲ. ಅದು ಪಾಲಿನ ಎಮ್ಮೆ. ಕರು ಕೊಟ್ಟವರು ಒಬ್ಬರು, ಮೇಯಿಸಿ ಬೆಳೆಸಿದವರು ಇನ್ನೊಬ್ಬರು. ಹುಟ್ಟುವ ಕರುಗಳನ್ನು ಸರದಿಯಂತೆ ಹಂಚಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಕೊಟ್ಟವರು ಪಕ್ಕದ ಊರಿನ ಸಾವಕಾರರು, ನಮ್ಮ ಸದಸ್ಯರೇ.

"ಸಾವಕಾರ್ರ ಮನಿಯಾಗ ಐತಿ ಮಾವಶಿ."

"ಅಲ್ಲಿಗಿ ಯಾಂವ ಒಯ್ದ? ಈಗರ ಹುಲ್ಲ ಹಾಕಿ ಬಂದೇನಿ!"

ಸಂಘದ ಕಾರ್ಯದರ್ಶಿ ನಕ್ಕರು. "ಕಂಪ್ಯೂಟರದಾಗ ಒಯ್ದಾರ. ಮೇವು ಕೇಳೂದಿಲ್ಲ ಬಿಡ್ರಿ."

"ನಗಬ್ಯಾಡ್ರಿ ಸಾಹೇಬ್ರ. ಡಾಕ್ಟರ ಅಲ್ಲಿಗಿ ಹೋಗಿ ಸೂಜಿ ಯಾರಿಗಿ ಹಾಕ್ತಾನ, ಮೇವು ಹಾಕೂ ಗ್ವಾದ್ಲಿಗಿ?"

ಕಾರ್ಯದರ್ಶಿಯ ನಗು ನಿಂತಿತು. "ನಾಳಿಗೆ ಕಡೀ ದಿನ ಐತ್ರಿ ಮೇಡಮ್," ಎಂದರು ನನಗೆ.

ಪಾಲಿನ ಎಮ್ಮೆ ಅವರದೊಂದೇ ಅಲ್ಲ ಎಂಬುದು ನನಗೂ ಗೊತ್ತಿತ್ತು. ಮೊದಲು ಎಮ್ಮೆಯನ್ನು ಎರಡೂ ಮನೆಯೊಳಗೆ ಇಟ್ಟೆ. ಒಂದು ಎಮ್ಮೆ ಎರಡಾಯಿತು. ಅಳಿಸಿದೆ. ಆಮೇಲೆ ದನಗಳನ್ನೆಲ್ಲ ಮನೆಗಳಿಂದ ಹೊರಗೆ ತಂದು, ಕಿವಿಯ ಬಿಲ್ಲೆಯ ನಂಬರಿನೊಂದಿಗೆ ಬೇರೆಯೇ ಸಾಲಿನಲ್ಲಿ ನಿಲ್ಲಿಸಿದೆ. ಮನೆಗಳೊಳಗೆ ಆ ನಂಬರು ಮಾತ್ರ: ಒಂದು ಕಡೆ ಮಾಲಕರು ಎಂದು, ಇನ್ನೊಂದು ಕಡೆ ಸಾಕುವವರು ಎಂದು. ಪಟ್ಟಿಯನ್ನು ಸಾಕುವವರ ವಿಳಾಸದ ಮೇಲೆ ತೆಗೆಯಿರಿ ಎಂದು ಮೇಲಿನವರಿಗೆ ಪತ್ರ ಬರೆದೆ. ಕಡತ ಮರುದಿನ ಮಧ್ಯಾಹ್ನ ಹೋಯಿತು.

ಈ ಉಪಾಯ ನನ್ನದೇ ಎಂದು ಬಹಳ ಸಲ ಹೇಳಿಕೊಂಡಿದ್ದೇನೆ. ಆದರೆ ನನ್ನ ಆ ದಿನದ ದಿನಚರಿಯಲ್ಲಿ ಮಾವಶಿಯ ಮಾತೊಂದಿದೆ: "ಮದ್ಲ ಎಮ್ಮಿ ಬರಿ, ಆಮ್ಯಾಲ ಯಾರ್ದಂತ ಕೇಳು." ಆ ಸಾಲಿನ ಶಾಯಿ ಬೇರೆ ಬಣ್ಣದ್ದು. ನಂತರ ಸೇರಿಸಿದೆನೇ? ನೆನಪಿಲ್ಲ. ಕಂಪ್ಯೂಟರಿಗೆ ಅರ್ಥವಾಗುವಂತೆ ಅದನ್ನು ಬರೆದದ್ದು ಮಾತ್ರ ನಾನೇ; ಅಷ್ಟನ್ನು ಬಿಟ್ಟುಕೊಡಲಾರೆ.

ತಂಡ ಬಂದ ಬೆಳಿಗ್ಗೆ ನಾನೂ ಮಾವಶಿಯ ಅಂಗಳಕ್ಕೆ ಹೋಗಿದ್ದೆ. ಡಾಕ್ಟರರು ಎಮ್ಮೆಯ ಕಿವಿ ಹಿಡಿದು ಬಿಲ್ಲೆ ನೋಡಿ, ಪಟ್ಟಿಯಲ್ಲಿದ್ದ ಸಾಕುವವರ ಹೆಸರು ಗಟ್ಟಿಯಾಗಿ ಓದಿದರು.

"ಇನ್ನೊಮ್ಮಿ ಓದ್ರಿ," ಎಂದರು ಮಾವಶಿ.

ಡಾಕ್ಟರರು ಮತ್ತೆ ಓದಿ, ಸೂಜಿ ಚುಚ್ಚಿದರು. ಎಮ್ಮೆ ಅವರ ಕಾಲು ತುಳಿಯಿತು.