ಆಳಂದ ಪ್ಯಾಟ್ಯಾಗ ಸಿಗದ ಪ್ಲುಟೋನಿಯಂ

ನಮ್ಮ ಅಕ್ಕನ್ನ ನಗಿಗೀಡು ಮಾಡಿದ ಮನಷ್ಯಾಗ ನಾ ಮಾಫ್ ಮಾಡಿಲ್ಲ, ಮಾಡೂದೂ ಇಲ್ಲ. ಯಾರರ "ಮರತು ಬಿಡವಾ" ಅಂದ್ರ ಇನ್ನೂ ಮೈ ಉರೀತದ.

ರಾಜಸ್ಥಾನದ ಉಸುಕಿನ್ಯಾಗ ನಮ್ಮ ದೇಶದವರು ಅಣುಬಾಂಬ್ ಸಿಡಿಸಿದ ವರ್ಷ ಅದು, ಎಪ್ಪತ್ನಾಲ್ಕು. ಅಫಜಲಪುರದ ಕಡಿಂದ ಅಕ್ಕನ್ನ ನೋಡಾಕ ಬಂದಿದ್ರು. ಹುಡುಗ ಬಿ.ಎಸ್ಸಿ. ಅಕ್ಕ ಕಲ್ತಿದ್ದು ಏಳನೇ ಇಯತ್ತಾ. ಹುಡುಗಿಗೆ ನಡಿಸಿ ನೋಡೂದು, ಹಾಡು ಹೇಳಸೂದು, ಪ್ರಶ್ನಿ ಕೇಳೂದು ಆಗಿನ ಪದ್ಧತಿ. ಈ ಶ್ಯಾಣ್ಯಾ ಪೇಪರಿನ್ಯಾಗ ಹೊಸದಾಗಿ ಓದಿದ್ದ ಶಬ್ದ ತಗದ: "ಬಾಂಬಿಗೆ ಹಾಕೂ ಪ್ಲುಟೋನಿಯಂ ಎಲ್ಲಿ ಸಿಗ್ತದ?"

ಅಕ್ಕ ಸೆರಗು ಹಿಡ್ಕೊಂಡು, "ನಮ್ಮ ಕಡೆ ಎಲ್ಲೂ ಸಿಗೂದಿಲ್ರಿ," ಅಂದ್ಲು.

ನಕ್ಕರು ನೋಡ್ರಿ! "ಆಳಂದ ಪ್ಯಾಟ್ಯಾಗ ತೊಗರಿ ಜೋಡಿ ಹುಡುಕ್ಯಾಳೇನ? ಖಣಿಯಾಗ ಅಗದು ತೆಗೀತಾರ, ದಡ್ಡಿ!" ಅಂದ ಅವ. ನಕ್ಕೋತನೇ ಎರಡೆರಡು ತಾಟು ಚುರಮುರಿ ಸುಸಲಾ ತಿಂದು ಎದ್ದು ಹೋದ್ರು. ಮಾತು ಬಸ್‌ಸ್ಟ್ಯಾಂಡಿನ ತನಕ ಹಬ್ಬಿತು. ಆಮ್ಯಾಲ ನೋಡಾಕ ಬಂದವರೆಲ್ಲ "ಪ್ಲುಟೋನಿಯಂ ಹುಡುಗಿ ಇಕಿನೇನು?" ಅಂತ ಕೇಳಾಕತ್ತಿದ್ರು. ಅಕ್ಕ ಅಂಥವರ ಮುಂದ ಬರೂದೇ ಬಿಟ್ಲು. ಹೊಲಿಗಿ ಮಷೀನ್ ಹಾಕ್ಕೊಂಡ್ಲು, ನನ್ನನ್ನ ಗುಲಬರ್ಗಾಕ್ಕ ಓದಾಕ ಕಳಿಸಿದ್ಲು.

ಕಾಲೇಜಿನ ಲೈಬ್ರರಿಯಾಗ ನಾ ಮೊದಲು ಹುಡುಕಿದ್ದೇ ಆ ಸುಡುಗಾಡು ಪ್ಲುಟೋನಿಯಂ. ಬೆಳ್ಳಿಯಂಥಾ ಲೋಹ, ಗಾಳಿ ತಾಕಿದ್ರ ಮಂಕಾಗ್ತದ. ಸೀಸಕ್ಕಿಂತ ಭಾಳ ಭಾರ. ಗಡ್ಡಿ ದೊಡ್ಡದಿದ್ರ ಮುಟ್ಟಿದ್ರ ಬೆಚ್ಚಗಿರ್ತದಂತ. ಅದರ ಕಿರಣ ಒಂದು ಕಾಗದ ಅಡ್ಡ ಹಿಡದ್ರೂ ನಿಲ್ತಾವ. ಆದ್ರ ಧೂಳು ಉಸಿರಿನ್ಯಾಗ ಒಳಗ ಹೊಕ್ಕಿತೋ, ಪುಪ್ಪುಸದಾಗ, ಎಲುವಿನ್ಯಾಗ ಕುಂತು ವರ್ಷಗಟ್ಟಲೆ ಸುಡ್ತದ. ಬಾಂಬಿಗೆ ಹಾಕೂ ಪ್ಲುಟೋನಿಯಂ ಅರ್ಧ ಸವೆಯಾಕನೇ ಇಪ್ಪತ್ನಾಲ್ಕು ಸಾವಿರ ವರ್ಷ ಬೇಕು. ನನ್ನ ಸಿಟ್ಟಿಗೂ ಅಷ್ಟೇ ಆಯುಷ್ಯ ಕೊಡಪಾ ಶಿವನೇ ಅಂದೆ. ಮುಂದಿನ ಸಾಲು ಓದಿ ಮಾತ್ರ ಕುಂತಲ್ಲೇ ಕುಣದೆ. ನೆಲದಾಗ ಅದು ಹೆಸರಿಗಷ್ಟೇ ಅದ, ಖಣಿ ಅಗದು ತೆಗೆಯೂ ವಸ್ತುನೇ ಅಲ್ಲ. ಅಣುಸ್ಥಾವರದಾಗ ಯುರೇನಿಯಂನಿಂದ ಮಾಡ್ಬೇಕು. ಅಂದ್ರ ಅಕ್ಕ ಹೇಳಿದ್ದೇ ಖರೆ!

ನನ್ನ ಬಿ.ಎಸ್ಸಿ. ಮುಗಿಯೂದ್ರಾಗ ಅಫಜಲಪುರದ ಅದೇ ಮನಿತನ ನನ್ನ ಕೇಳ್ಕೊಂಡು ಬಂತು, ಅವನ ತಮ್ಮಗ. ಅಪ್ಪ ಬ್ಯಾಡ ಅಂದ. "ಬರ್ಲಿ ಬಿಡಪಾ," ಅಂದೆ ನಾನು. ತಮ್ಮನ ಜೋಡಿ ಆ ಶ್ಯಾಣ್ಯಾನೂ ಬಂದ. ಜೇವರ್ಗಿಯಾಗ ಸೈನ್ಸ್ ಮಾಸ್ತರ ಆಗಿದ್ದ, ಹೊಟ್ಟಿ ಬಂದಿತ್ತು. ಸುಸಲಾದ ತಾಟು ಅವನ ಕೈಗೆ ಕೊಟ್ಟು ಕೇಳ್ದೆ, "ಸರ್, ಪ್ಲುಟೋನಿಯಂ ಎಲ್ಲಿ ಸಿಗ್ತದ್ರಿ?"

ಅವಗ ಹಳೇದು ನೆನಪೇ ಇರಲಿಲ್ಲ, ಮುಠ್ಠಾಳಗ! "ಖಣಿಯಾಗ," ಅಂದ ಠೀವಿಲೆ.

"ತಪ್ಪ್ರಿ ಸರ್." ಪುಸ್ತಕ ತಂದು ಅವರ ಹಿರ್ಯಾರ ಮುಂದನೇ ಆ ಪುಟ ಓದಿ ಹೇಳ್ದೆ. "ಅವತ್ತು ನಮ್ಮ ಅಕ್ಕ ಹೇಳಿದ್ದು ಬರೋಬ್ಬರಿ ಇತ್ತು. ದಡ್ಡರು ಯಾರಂತ ಈಗ ನೀವೇ ಹೇಳ್ರಿ."

ಮೊದಲು ನಕ್ಕವ ಅವನ ತಮ್ಮನೇ. ಮಾಸ್ತರನ ಮಾರಿ ಸುಟ್ಟ ಬದನಿಕಾಯಿ ಆತು. ನನ್ನ ಹೊಟ್ಟ್ಯಾಗ ಹಾಲು ಹೊಯ್ದಂಗಾತು.

ಅಷ್ಟರಾಗ ಅಡಗಿಮನಿಯಿಂದ ಅಕ್ಕ ಹೊರಗ ಬಂದ್ಲು, ಇಷ್ಟು ವರ್ಷ ಯಾವ ಗಂಡಿನ ಕಡೆಯವರ ಮುಂದೂ ನಿಂತಿರದಾಕಿ. ಅವನ ಕೈಯಾಗಿನ ತಾಟು ಕಸ್ಕೊಂಡ್ಲು.

"ಸುಸಲಾನೂ ನಮ್ಮ ಕಡೆ ಸಿಗೂದಿಲ್ರಿ. ಏಳ್ರಿ."