ವೇದಿಕೆಯ ಮೇಲೆ ಮೂರು ನಮಸ್ಕಾರ

ಮೊನ್ನೆ ಇಲ್ಲಿ ಮೇರಿಲ್ಯಾಂಡಿನ ಜರ್ಮನ್‌ಟೌನ್‌ನ ಕ್ಲಿನಿಕ್ಕಿನಲ್ಲಿ ನನ್ನ ಮಂಡಿನೋವಿಗೆ ವ್ಯಾಯಾಮ ಮಾಡಿಸುವ ಹುಡುಗಿ ಒಂದು ಮುಲಾಮಿನ ಮುಚ್ಚಳ ತೆಗೆದಳು. ಆ ಘಾಟು ಮೂಗಿಗೆ ಅಡರಿದ್ದೇ ತಡ, ಅದನ್ನು ಹಚ್ಚಬೇಡ ಎಂದುಬಿಟ್ಟೆ. ಅಲರ್ಜಿಯೇ ಎಂದು ಕೇಳಿದಳು. ಹೌದು ಎಂದೆ.

ಅಲರ್ಜಿಯೂ ಇಲ್ಲ, ಮಣ್ಣೂ ಇಲ್ಲ. ಒಂದು ಭಾನುವಾರ ನನ್ನ ಹಳೆಯ ಕಾರಿನ ತುಂಬ ಅದೇ ವಾಸನೆಯಿತ್ತು... ತೊಂಬತ್ತರ ದಶಕದ ನಡುವಿನ ಮಾತು. ಆಗ ನಾವು ಜಾರ್ಜಿಯಾದಲ್ಲಿ, ಅಟ್ಲಾಂಟಾ ಹತ್ತಿರದ ಡುಲುತ್‌ನಲ್ಲಿದ್ದೆವು. ಕೆಳಗಿನ ಅಪಾರ್ಟ್‌ಮೆಂಟಿನಲ್ಲಿ ಧಾರವಾಡದ ಕಡೆಯ ಇಂಜಿನಿಯರೊಬ್ಬರ ಸಂಸಾರ. ಅವರ ಒಬ್ಬನೇ ಮಗ ಕೆರೊಲಿನಾದ ಕಾಲೇಜೊಂದರಲ್ಲಿ ಬಯಾಲಜಿ ಓದುತ್ತಿದ್ದಾನೆ, ಮುಂದೆ ಡಾಕ್ಟರಾಗುತ್ತಾನೆ ಎಂದು ತಂದೆತಾಯಿ ಎಲ್ಲರಿಗೂ ಹೇಳುತ್ತಿದ್ದರು. ಅವನು ಅಲ್ಲಿ ಇದ್ದದ್ದು ಫುಟ್‌ಬಾಲ್ ಆಡಲು.

ಇಲ್ಲಿಯ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವುದು. ಹುಡುಗ ಲೈನ್‌ಬ್ಯಾಕರ್. ಮುಂದಿನ ಸಾಲಿನವರ ಹಿಂದೆ ಕಾದು ನಿಂತು, ಚೆಂಡು ಹಿಡಿದು ನುಗ್ಗಿ ಬರುವವನಿಗೆ ಎದುರಿನಿಂದ ಡಿಕ್ಕಿ ಹೊಡೆದು ಕೆಡವುವುದು ಅವನ ಕೆಲಸ. ಅವನಜ್ಜ ಗರಡಿಯಲ್ಲಿ ಸಾಮು ಮಾಡಿದವರಂತೆ, ಆ ಮೈಕಟ್ಟು ಮೊಮ್ಮಗನಿಗೆ ಬಂದಿತ್ತು. ನಮ್ಮ ಕನ್ನಡ ಕೂಟದ ಗಂಡಸರು ಮಾತ್ರ, "ಡಾಕ್ಟರ್ ಮಾಡ್ತೀವಿ ಅಂತ ಪೈಲ್ವಾನನ್ನ ಮಾಡಿದಾರೆ" ಎಂದು ಮುಸಿಮುಸಿ ನಗುತ್ತಿದ್ದರು. ನಾನೂ ನಕ್ಕವಳೇ.

ರಜೆಗೆ ಬಂದಾಗ ನನ್ನ ದಿನಸಿ ಚೀಲಗಳನ್ನೆಲ್ಲ ಒಂದೇ ಸಲಕ್ಕೆ ಮೇಲಕ್ಕೆ ತಂದಿಡುತ್ತಿದ್ದ. ಆಮೇಲೆ ಅಡುಗೆಮನೆಯಲ್ಲಿ ನಿಂತೇ ಚಿತ್ರಾನ್ನ ತಿನ್ನುತ್ತ, ಮನೆಯಲ್ಲಿ ಹೇಳದ್ದನ್ನೆಲ್ಲ ನನಗೆ ಹೇಳುತ್ತಿದ್ದ. ಅಚ್ಚ ಧಾರವಾಡದ ಕನ್ನಡ, ಮಧ್ಯೆ ಮಧ್ಯೆ ಇಂಗ್ಲಿಷು. ಅವನಿಗೆ ಬೇಕಿದ್ದದ್ದು ಒಂದೇ, ಕಾಲೇಜು ಮುಗಿದ ಮೇಲೆ ಯಾವುದಾದರೂ ದೊಡ್ಡ ತಂಡಕ್ಕೆ ಸೇರುವುದು.

ಕೊನೆಯ ವರ್ಷ ಅವನ ಫೋಟೋ ಪತ್ರಿಕೆಯಲ್ಲಿ ಬಂತು. ಬೆಳಗಾಗುವುದರೊಳಗೆ ಪೈಲ್ವಾನ "ನಮ್ಮ ಹುಡುಗ" ಆಗಿಬಿಟ್ಟ. ದೀಪಾವಳಿ ಕಾರ್ಯಕ್ರಮದಲ್ಲಿ ಸನ್ಮಾನ ಮಾಡಲೇಬೇಕೆಂದು ಕೂಟದವರು ಹಟ ಹಿಡಿದರು. ಆ ವರ್ಷ ಕಾರ್ಯಕ್ರಮದ ಉಸ್ತುವಾರಿ ನನ್ನದು. ಶನಿವಾರ ಅವನಿಗೆ ಆಟ, ಭಾನುವಾರ ನಮಗೆ ಹಬ್ಬ. ಅವನ ತಂದೆತಾಯಿ ಹಬ್ಬದ ಹಾಲ್‌ನಲ್ಲಿ ಅಡುಗೆಗೆ ನಿಂತಿದ್ದರಿಂದ, ಬೆಳಿಗ್ಗೆ ನಾನೇ ಕೆರೊಲಿನಾಕ್ಕೆ ಡ್ರೈವ್ ಮಾಡಿಕೊಂಡು ಹೋಗಿ ಅವನನ್ನು ಕರೆತಂದೆ.

ಕಾರು ಹತ್ತುವಾಗ ಕತ್ತು, ಭುಜಕ್ಕೆಲ್ಲ ಮುಲಾಮು ಮೆತ್ತಿಕೊಂಡಿದ್ದ. ಬಿಸಿಲು ಕಣ್ಣಿಗೆ ಚುಚ್ಚುತ್ತದೆ ಎಂದು ಕಣ್ಣು ಮುಚ್ಚಿ ಕುಳಿತ. ಸ್ವಲ್ಪ ಹೊತ್ತಿಗೆ, "ಎಲ್ಲಿಗ್ ಹೊಂಟೇವಿ ಆಂಟಿ?" ಎಂದ. ಹೇಳಿದೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಮೂರನೆಯ ಸಲ ಕೇಳಿದಾಗ, "ಸಾಕು ನಿನ್ನ ತಮಾಷೆ" ಎಂದು ರೇಗಿದೆ. ಜಾರ್ಜಿಯಾಕ್ಕೆ ಬಂದ ಮೇಲೆ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಪೆಟ್ರೋಲಿಗೆಂದು ನಿಲ್ಲಿಸಿದರೆ, ಇಳಿದವನೇ ಗೋಡೆ ಹಿಡಿದುಕೊಂಡು ವಾಂತಿ ಮಾಡಿದ.

"ನಿನ್ನೆ ತಲೆಗೆ ಏಟು ಬಿತ್ತೇನೋ?" ಎಂದೆ.

"ಸ್ವಲ್ಪ. ಅಮ್ಮಗ ಹೇಳಬ್ಯಾಡ್ರಿ ಆಂಟಿ, ಪ್ಲೀಸ್. ಕೋಚ್‌ಗೆ ಗೊತ್ತಾದ್ರ ಆಡ್ಲಿಕ್ಕೆ ಬಿಡೂದಿಲ್ಲ. ನೆಕ್ಸ್ಟ್ ಸ್ಯಾಟರ್ಡೇ ದೊಡ್ಡ ಟೀಮಿನವ್ರು ನನ್ನ ನೋಡ್ಲಿಕ್ಕೆ ಬರ್ತಾರ. ಅದೊಂದ್ ಗೇಮ್ ಆಡಬೇಕು."

ನನಗೆ ಅರ್ಥವಾಗಲಿಲ್ಲ ಎಂದು ಈಗ ಹೇಳಿದರೆ ನನ್ನ ನಾಲಿಗೆಗೇ ಅಸಹ್ಯ. ಚೆನ್ನಾಗಿ ಅರ್ಥವಾಗಿತ್ತು. ಆಸ್ಪತ್ರೆಗೆ ತಿರುಗಿಸಬೇಕು ಎಂದು ಒಂದು ಗಳಿಗೆ ಅನ್ನಿಸಿಯೂ ಇತ್ತು. ಆದರೆ ಹಾಲ್‌ನಲ್ಲಿ ಜನ ಸೇರಿದ್ದರು, ಮೈಸೂರಿನಿಂದ ಪೇಟ ತರಿಸಿದ್ದೆ, ಮುಖ್ಯ ಅತಿಥಿಗಳು ಬಂದಾಗಿತ್ತು. ನೀರಿನ ಬಾಟಲಿ ಕೊಟ್ಟು, "ಮುಖ ತೊಳ್ಕೋ, ಲೇಟಾಗುತ್ತೆ" ಎಂದೆ. ಅವನು ಪಾಪ, ತೊಳೆದುಕೊಂಡ.

ಪೇಟ ಇಟ್ಟರು, ಶಾಲು ಹೊದಿಸಿದರು, ಎರಡು ಮಾತಾಡಪ್ಪ ಎಂದು ಮೈಕ್ ಕೊಟ್ಟರು. "ಎಲ್ಲಾರಿಗೂ ನಮಸ್ಕಾರ" ಎಂದ. ಚಪ್ಪಾಳೆ ಬಿತ್ತು. ಸುತ್ತ ನೋಡಿದ, ಮತ್ತೆ "ಎಲ್ಲಾರಿಗೂ ನಮಸ್ಕಾರ" ಎಂದ. ಜನ ನಕ್ಕರು. ಇನ್ನೊಂದು ಸಲ ಅದನ್ನೇ ಹೇಳಿ ಮೈಕನ್ನು ಹಿಡಿದುಕೊಂಡೇ ನಿಂತ. ಮುಂದಿನ ಸಾಲಿನಲ್ಲಿದ್ದ ಒಬ್ಬರು, "ಪಾಪ, ಇಲ್ಲೇ ಹುಟ್ಟಿದ ಮಕ್ಕಳು, ಅಷ್ಟಾದ್ರೂ ಕನ್ನಡ ಬರುತ್ತಲ್ಲ" ಎಂದರು. ನನ್ನ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಹರಟುವ ಹುಡುಗ. ನಾನು ಹೋಗಿ ಮೈಕ್ ಇಸಿದುಕೊಂಡು, "ಇವನ ಕನ್ನಡ ಪ್ರೀತಿಗೆ ಇನ್ನೊಂದು ಜೋರಾದ ಚಪ್ಪಾಳೆ" ಎಂದೆ.

ಸಂಜೆ ಮನೆಗೆ ಬಂದು ತಲೆ ಸಿಡಿಯುತ್ತದೆ ಎಂದು ಮಲಗಿದ. "ಎಷ್ಟು ಮಂದಿ ಕಣ್ಣು ಬಿದ್ದಾವೋ ಏನೋ" ಎಂದು ಅವನ ತಾಯಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಯ ಮೇಲೆ ಸುಟ್ಟರು. ಸ್ಮೋಕ್ ಅಲಾರಂ ಕೂಗದಿರಲಿ ಎಂದು ನಾನು ಟವೆಲ್ ಬೀಸುತ್ತ ನಿಂತಿದ್ದೆ.

ಮರುದಿನ ಅವನನ್ನು ಅವರಪ್ಪ ಕಾಲೇಜಿಗೆ ಬಿಟ್ಟುಬಂದರು. ಶನಿವಾರ ಆಡಿದ. ಮೊದಲರ್ಧ ಮುಗಿಯುವ ಮುಂಚೆ ಒಬ್ಬನನ್ನು ಕೆಡವಿ ತಾನೂ ಬಿದ್ದ, ಏಳಲಿಲ್ಲ. ಮಿದುಳಿನಲ್ಲಿ ರಕ್ತ ಸೋರಿತ್ತು. ಆಪರೇಷನ್ ಆಗಿ ಬದುಕಿಕೊಂಡ, ಅಷ್ಟೆ. ಎಡಗೈ ಮುಷ್ಟಿ ಕಟ್ಟುತ್ತಿರಲಿಲ್ಲ. ಪುಟದ ಕೊನೆಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತುಹೋಗುತ್ತಿತ್ತು. ಡಿಗ್ರಿಯೂ ಕೈಗೆ ಬರಲಿಲ್ಲ. ಕೂಟದ ಮಹನೀಯರು, "ಆ ಆಟ ಯಾಕೆ ಬೇಕಿತ್ತು ಅಂತ ನಾವಾಗಲೇ ಹೇಳಿದ್ವಿ" ಎಂದು ಕೈತೊಳೆದುಕೊಂಡರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ತಂದೆ ನನ್ನನ್ನು ಕೇಳಿದ್ದರು, "ಅವತ್ತು ನೀವ ಕರಕೊಂಡು ಬಂದ್ರೆಲಾ, ದಾರ್ಯಾಗ ಏನರ ಅಂದನೇನ್ರಿ?"

"ಇಲ್ಲ, ಚೆನ್ನಾಗೇ ಇದ್ದ" ಎಂದೆ.

ಆ ವಾರದ್ದು ಯಾವುದೂ ಹುಡುಗನಿಗೆ ನೆನಪಿಲ್ಲ ಎಂದು ಡಾಕ್ಟರು ಹೇಳಿದಾಗ ನನಗೆ ಸಮಾಧಾನವಾಯಿತು. ಹೌದು, ಸಮಾಧಾನ. ವರ್ಷದೊಳಗೆ ನನ್ನ ಗಂಡನಿಗೆ ಈ ಕಡೆ ಕೆಲಸ ಸಿಕ್ಕಿತು, ಮೇರಿಲ್ಯಾಂಡಿಗೆ ಬಂದುಬಿಟ್ಟೆವು.

ಹೋದ ಚಳಿಗಾಲದಲ್ಲಿ ಅವನು ತೀರಿಕೊಂಡ. ಅಷ್ಟು ವರ್ಷ ಡುಲುತ್‌ನಲ್ಲೇ, ತಾಯಿಯ ಕೈತುತ್ತಿನಲ್ಲೇ ಇದ್ದನಂತೆ... ಸುದ್ದಿ ತಿಳಿದು ಹೋದೆ. ಅವನ ತಂದೆ ಮೊದಲೇ ತೀರಿಕೊಂಡಿದ್ದರು. ತಾಯಿ ನನ್ನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಅಷ್ಟು ಮಂದ್ಯಾಗ ನೀವೊಬ್ಬರ ಬಂದ್ರಿ ನೋಡ್ರಿ. ಅವನ್ನ ಆ ಮಂದಿ ಮುಂದ ನಿಲ್ಲಸಬಾರದಾಗಿತ್ತು. ದೃಷ್ಟಿ ತಗಲಿತು. ನಂದ ತಪ್ಪು" ಎಂದರು. ಇಷ್ಟು ವರ್ಷವೂ ಅವರು ಹಾಗೆಂದೇ ನಂಬಿಕೊಂಡು ಬದುಕಿದ್ದರು.

"ಹಾಗೆಲ್ಲ ಅನ್ಕೋಬೇಡಿ, ನಿಮ್ಮ ತಪ್ಪಲ್ಲ" ಎಂದೆ.

"ಮತ್ತ ಯಾರದ್ರಿ?"

ಉತ್ತರ ಬೇಕೆಂದೇ ಕೇಳಿದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು. ವಿಮಾನಕ್ಕೆ ಹೊತ್ತಾಗುತ್ತದೆ ಎಂದು ಹೇಳಿ ಎದ್ದೆ.

ಅವನಂತೂ ಹೋದ. ತಾಯಿ ಇದ್ದಾರೆ, ಅವರ ಫೋನ್ ನಂಬರ್ ನನ್ನ ಹತ್ತಿರ ಇದೆ. ಇನ್ನೂ ಮಾಡಿಲ್ಲ.