ಬಲಗಾಲಿನ ಪ್ರಶ್ನೆ

ಹೋದ ಶನಿವಾರ ಆಳಂದದಿಂದ ನರೋಣಾ ಕಡೆ ಹೋಗುವ ಬಸ್ಸಿನಲ್ಲಿ ಪಕ್ಕದವರ ಬಲಗಾಲಿನ ಮೇಲೆ ನನ್ನ ಕಣ್ಣು ಬಿತ್ತು. ಎಮ್ಮೆ ಅಡ್ಡ ಬಂದರೆ ಆ ಕಾಲು ನೆಲವನ್ನು ಒತ್ತುತ್ತಿತ್ತು. ತಗ್ಗು ಬಂದರೆ ಇನ್ನಷ್ಟು ಜೋರಾಗಿ ಒತ್ತುತ್ತಿತ್ತು. ನಾವು ಕೂತದ್ದು ಹಿಂದಿನ ಸೀಟಿನಲ್ಲಿ, ಡ್ರೈವರ್ ಇದ್ದದ್ದು ಅಷ್ಟು ದೂರ ಮುಂದೆ. ಆ ಮನುಷ್ಯರನ್ನು ನಾನು ಎಂದೂ ನೋಡಿರಲಿಲ್ಲ. ಆದರೆ ಆ ಕಾಲಿನ ಸಂಗತಿ ನನಗೆ ಎರಡು ವರ್ಷದಿಂದ ಗೊತ್ತಿತ್ತು. ಅದನ್ನು ಹೇಳಬೇಕಾದರೆ ಒಬ್ಬ ಗಗನಯಾತ್ರಿಯಿಂದ ಶುರು ಮಾಡಬೇಕು.

ಅದಕ್ಕೂ ಮೊದಲು ನನ್ನದೊಂದು ಚಟದ ಬಗ್ಗೆ ಹೇಳಿಬಿಡುತ್ತೇನೆ. ನನಗೆ ಬರೆದಿಡುವ ಹುಚ್ಚು. ಮಳೆ ಯಾವ ದಿನ ಬಂತು, ಬಸ್ಸು ಎಷ್ಟು ತಡವಾಯಿತು, ಅವ್ವ ಎಷ್ಟು ರೊಟ್ಟಿ ಬಡಿದಳು, ಎಲ್ಲವೂ ದಿನಚರಿಯಲ್ಲಿ ತಾರೀಖಿನ ಸಮೇತ ಇರಬೇಕು. ‘ನೀ ಊರ ಲೆಕ್ಕ ಬರಿಯೋ ತಲಾಠಿ ಆಗಬೇಕಿತ್ತು ಲೇ, ತಪ್ಪಿ ಮಾಸ್ತರ ಆಗೀದಿ’ ಎಂದು ಅಣ್ಣ ಅಣಕಿಸುತ್ತಾನೆ. ಮಾಸ್ತರನೂ ಪೂರ್ತಿ ಅಲ್ಲ, ಆಳಂದದ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕ.

ಆ ಶಾಲೆಗೆ ಗಗನಯಾತ್ರಿ ಬಂದದ್ದು ಹೇಗೆಂದರೆ, ಅವರು ತರುಣರಾಗಿದ್ದಾಗ ಬೀದರಿನಲ್ಲಿ ಜೆಟ್ ವಿಮಾನ ಹಾರಿಸಲು ಕಲಿತವರು. ಆಗ ಅವರ ವಿಮಾನದ ರಿಪೇರಿ ನೋಡಿಕೊಳ್ಳುತ್ತಿದ್ದವರೊಬ್ಬರು ನಮ್ಮೂರಿನವರು. ಆ ಹಳೆಯ ಸಲುಗೆಗೆ ಕಟ್ಟುಬಿದ್ದು ಬರಲು ಒಪ್ಪಿದರು. ನಮ್ಮ ತೊಗರಿ ಹೊಲಗಳ ಮೇಲೆ ಬೆಳಗಿನ ಹೊತ್ತು ಗುಡುಗಿಕೊಂಡು ಹೋಗುತ್ತಿದ್ದ ವಿಮಾನಗಳಲ್ಲಿ ಒಂದು ಅವರದೂ ಇದ್ದಿರಬೇಕು. ಅವರು ಹೇಳಿ ಕಳಿಸಿದ್ದು ಒಂದೇ ಮಾತು: ಭಾಷಣ ಬೇಡ, ಮಕ್ಕಳು ಪ್ರಶ್ನೆ ಕೇಳಲಿ. ಒಂದೂವರೆ ತಾಸು ಇರುತ್ತೇನೆ, ಆಮೇಲೆ ಹೈದರಾಬಾದಿಗೆ ಹೊರಡಬೇಕು.

ಪ್ರಶ್ನೆಗಳನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ಹೆಂಗ ಉಣ್ತೀರಿ, ಹೆಂಗ ಮಲಗ್ತೀರಿ ಎಂಬವು ಎಲ್ಲರ ಪ್ರಶ್ನೆಗಳು. ಎಲ್ಲರೂ ಕಿಸಕ್ಕನೆ ನಗುವ ಇನ್ನೊಂದು ಪ್ರಶ್ನೆ ಏನೆಂದು ನಿಮಗೇ ಗೊತ್ತು. ಒಂಬತ್ತನೆಯ ತರಗತಿಯ ತಸ್ಲೀಮಾ ಮಾತ್ರ ಎದ್ದು ನಿಂತು ಬೇರೆ ಏನೋ ಕೇಳಿದಳು.

‘ಸರ್, ಅವರು ಮೊದಲ ಯುದ್ಧವಿಮಾನ ತಾವಾ ಹೊಡೀತಿದ್ರಲ್ರಿ. ರಾಕೆಟ್ ಬಹಳಷ್ಟು ತಾನಾ ಹೋಗ್ತದ ಅಂತ ನೀವಾ ಹೇಳಿದ್ರಿ. ನಮ್ಮಪ್ಪ ಟ್ರ್ಯಾಕ್ಟರ್ ಹೊಡೀತಾನ್ರಿ. ಬಸ್ಸಿನಾಗ ಕುಂತ್ರ ಸಾಕು, ಅವನ ಬಲಗಾಲು ಬ್ರೇಕ್ ಹುಡುಕ್ತಿರ್ತದ. ರಾಕೆಟಿನಾಗ ಇವರಿಗೂ ಹಂಗ ಆಗಿತ್ತೇನಂತ ಕೇಳ್ಲೇನ್ರಿ?’

‘ನಿಮ್ಮಪ್ಪನ ಟ್ರ್ಯಾಕ್ಟರ್ ಚಂದ್ರಗ ಒಯ್ಯಂತ ಹೇಳಬೇ!’ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ.

‘ಒಯ್ತಾನ, ಡೀಸೆಲ್ ನಿಮ್ಮಪ್ಪಗ ಹಾಕ್ಸಂತ ಹೇಳಲೇ’ ಎಂದಳು ತಸ್ಲೀಮಾ.

ನಾನು ಅವಳ ಹೆಸರನ್ನೇ ಮೊದಲು ಬರೆದುಕೊಂಡೆ. ಅತಿಥಿಗಳಿಗೆ ಕನ್ನಡ ಬಾರದು, ಅವರದು ಹಿಂದಿ; ಇವಳಿಗೆ ಮನೆಮಾತೇ ಉರ್ದು. ಇನ್ನೇನು ಬೇಕು? ಎಂಟು ದಿನ ಅದನ್ನೇ ಹೇಳಿಸಿ ಹೇಳಿಸಿ ತಯಾರು ಮಾಡಿದೆ. ‘ನಮ್ಮಪ್ಪನ ಕಾಲು ಅಲ್ಲಿತನಾ ಮುಟ್ತದ ನೋಡ್ರಿ ಸರ್’ ಎಂದು ನಗುತ್ತಿದ್ದಳು.

ಅತಿಥಿಗಳ ಪರಿಚಯ ಓದುವ ಕೆಲಸವೂ ನನಗೇ ಬಂತು. ಬರೆದಿಡುವ ಹುಚ್ಚಿನವನಿಗೆ ಇಂಥ ಕೆಲಸ ಕೊಡಬಾರದಿತ್ತು. ಓದು ಮುಗಿದ ಮೇಲೆ ವಾಯುಪಡೆ ಸೇರಿದ್ದು, ಮೊದಲ ಸಲ ಒಬ್ಬರೇ ಹಾರಿದ್ದು, ಹಾರಿಸಿದ ಒಂದೊಂದು ವಿಮಾನದ ಹೆಸರು, ಹೊಸ ವಿಮಾನಗಳನ್ನು ಪರೀಕ್ಷಿಸುವ ಪೈಲಟ್ ಆದದ್ದು, ಗಗನಯಾನಕ್ಕೆ ಆಯ್ಕೆಯಾದದ್ದು, ಮೈಭಾರ ಹಲವು ಪಟ್ಟು ಹೆಚ್ಚಾಗುವ ಯಂತ್ರದಲ್ಲಿ ಕೂತು ಗಿರಗಿರ ತಿರುಗಿದ್ದು, ನಡುವಯಸ್ಸಿನಲ್ಲಿ ಪರದೇಶದ ಭಾಷೆ ಕಲಿತದ್ದು, ಕೊನೆಗೆ ರಾಕೆಟಿನಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದದ್ದು. ಒಂದನ್ನೂ ಬಿಡಲಿಲ್ಲ. ಇಷ್ಟೆಲ್ಲ ಸಂಗ್ರಹಿಸಿದವನಿಗೆ, ವಿಮಾನ ನಡೆಸುತ್ತಿದ್ದ ಮನುಷ್ಯ ಒಂದು ದಿನ ಕೈಕಟ್ಟಿ ಕೂರಬೇಕಾಯಿತಲ್ಲ ಎಂಬುದು ಹೊಳೆದಿರಲಿಲ್ಲ. ಅದು ಹೊಳೆದದ್ದು ತಸ್ಲೀಮಾಗೆ.

ಆ ದಿನ ಅಫಜಲಪುರ, ಜೇವರ್ಗಿಯಿಂದಲೂ ಮಕ್ಕಳು ಕ್ರೂಸರ್ ಜೀಪುಗಳಲ್ಲಿ ಒತ್ತಿಕೊಂಡು ಬಂದಿದ್ದರು. ಗಗನಯಾತ್ರಿ ಹೇಳಿದ ಹೊತ್ತಿಗೇ ಬಂದರು. ಸಭೆಯ ಅಧ್ಯಕ್ಷರು ಬಂದಿರಲಿಲ್ಲ. ಅವರು ಬರುವವರೆಗೆ ಕಾದೆವು. ದೀಪ ಹಚ್ಚಿದ್ದಾಯಿತು, ಸ್ವಾಗತವಾಯಿತು. ಆಮೇಲೆ ನಾನು ಎದ್ದೆ.

ಎರಡನೆಯ ಹಾಳೆಯಲ್ಲಿದ್ದಾಗ ಹೆಡ್‌ಮಾಸ್ತರರು ಒಂದು ಚೀಟಿ ಕಳಿಸಿದರು: ‘ಸಣ್ಣದು ಮಾಡ್ರಿ.’ ಅದನ್ನು ಕಿಸೆಗೆ ಹಾಕಿಕೊಂಡೆ. ಒಂದೊಂದು ವಿಮಾನದ ಹೆಸರಿಗೂ ಚಪ್ಪಾಳೆ ಬೀಳುತ್ತಿತ್ತು. ಅದು ನನಗೇ ಬೀಳುತ್ತಿದೆ ಎಂದು ಅನಿಸತೊಡಗಿತ್ತು. ವೇದಿಕೆಯ ಕೆಳಗೆ ಇನ್ನೊಂದು ಮೈಕಿನ ಹತ್ತಿರ ತಸ್ಲೀಮಾ ದುಪಟ್ಟಾ ಸರಿಮಾಡಿಕೊಳ್ಳುತ್ತ ನಿಂತಿದ್ದಳು. ನಾನು ಹಾಳೆ ತಿರುವಿದಾಗಲೆಲ್ಲ ತುಟಿಯಲ್ಲೇ ತನ್ನ ಪ್ರಶ್ನೆ ಹೇಳಿಕೊಳ್ಳುತ್ತಿದ್ದಳು. ನನಗೆ ಕಾಣಿಸಿತು. ಆದರೂ ಮುಂದಿನ ಹಾಳೆ ಓದಿದೆ.

ನನ್ನ ನಂತರ ಅಧ್ಯಕ್ಷರು ಮಾತಾಡಿದರು. ಆಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಮೂರು ತಾಲೂಕುಗಳ ಕಡೆಯಿಂದ ಬೇರೆ ಬೇರೆ ಹಾರ. ಗಗನಯಾತ್ರಿಯ ಗಲ್ಲದವರೆಗೆ ಹೂವು ಬಂತು. ಅವರು ಗಡಿಯಾರ ನೋಡಿಕೊಂಡು ಎದ್ದು, ಮಕ್ಕಳ ಕಡೆ ಕೈಮುಗಿದು, ‘ನಿಮ್ಮ ಪ್ರಶ್ನೆಗಳು ನಿಮ್ಮ ಹತ್ತಿರವೇ ಉಳಿದವು, ಮಾಫ್ ಮಾಡಿ’ ಎಂದು ಹಿಂದಿಯಲ್ಲಿ ಹೇಳಿದರು. ಮಾಫಿ ಕೇಳಿದವರು ಅವರೊಬ್ಬರೇ.

ಉಳಿದವರನ್ನು ದೂರಬಹುದು. ದೂರಿದ್ದೇನೆ ಕೂಡ. ಆದರೆ ಅವರಾರಿಗೂ ತಸ್ಲೀಮಾಳ ಪ್ರಶ್ನೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

‘ಇರ್ಲಿ ತಗೋರಿ ಸರ್, ನೀವು ಛಲೋ ಓದಿದ್ರಿ’ ಎಂದು ಹೇಳಿ ಅವಳು ಊರಿನ ಬಸ್ಸು ಹಿಡಿಯಲು ಓಡಿದಳು. ಆ ದಿನದ ಪುಟದಲ್ಲಿ ನಾನು ಬರೆದದ್ದು: ಕಾರ್ಯಕ್ರಮ ಯಶಸ್ವಿ.

ಈಗ ಬಸ್ಸಿಗೆ ಬರೋಣ. ಕಾಲಿನಿಂದ ಕಣ್ಣೆತ್ತಿ ಮುಖ ನೋಡಿದೆ. ಅವರೂ ನನ್ನನ್ನು ನೋಡುತ್ತಿದ್ದರು.

‘ನೀವು ಆ ಸಾಲಿ ಸರ್ ಹೌದಲ್ರಿ? ನಿಮ್ಮ ಫೋಟೋ ತೋರ್ಸಿದ್ಲು ಮಗಳು. ನಾ ತಸ್ಲೀಮಾನ ಅಪ್ಪ, ಮೈಬೂಬಸಾಬ. ಚಂದ್ರಗ ಹೋಗೋ ಸಾಹೇಬರಿಗೆ ನನ್ನ ಕಾಲಿಂದು ಕೇಳಿದ್ಲಂತಲ್ರಿ!’

ನಾನು ಕಿಸೆಯಲ್ಲಿ ಟಿಕೆಟ್ ಹುಡುಕತೊಡಗಿದೆ. ಅವರೇ ಮುಂದುವರಿಸಿದರು.

‘ಅವರು ನಕ್ಕು, ಹೌದವ್ವಾ, ನನಗೂ ಹಂಗಾ ಆಗಿತ್ತು, ಒತ್ತೀನೇ ಒತ್ತೀನಿ ಅಂದ್ರಂತ. ಬಸ್ಸಿನಾಗ ಎಲ್ಲಾರೂ ನಗ್ತಿದ್ರು ನನಗ. ಈಗ ಯಾರರೆ ನಕ್ರ ಹೇಳ್ತೇನಿ, ಈ ಚಟ ಅಂಥಾ ಪೈಲಟ್‌ಗೇ ಬಿಟ್ಟಿಲ್ಲಪಾ, ನಂದೇನು ಅಂತ. ಖರೇನ ಹಂಗಂದ್ರಲ್ರಿ, ಸರ್?’

ರೊಟ್ಟಿಯ ಲೆಕ್ಕದಲ್ಲೂ ತಪ್ಪು ಬರೆಯದವನು ನಾನು.

‘ಹೌದ್ರಿ,’ ಎಂದೆ. ‘ಹಂಗಾ ಅಂದ್ರು.’

ನರೋಣಾ ಬಂತು. ಅಪ್ಪನ ಕೈಚೀಲ ತೆಗೆದುಕೊಳ್ಳಲು ತಸ್ಲೀಮಾ ಸ್ಟ್ಯಾಂಡಿಗೆ ಬಂದಿದ್ದಳು. ಈಗ ಎತ್ತರವಾಗಿದ್ದಾಳೆ. ಮೈಬೂಬಸಾಬರು ಇಳಿಯುತ್ತಲೇ ಕೂಗಿದರು: ‘ನಿಮ್ಮ ಸರ್ ಅದಾರ ನೋಡಬೇ! ಅವರೂ ಹೌದಂದ್ರು!’

ಅವಳು ಕಿಟಕಿಯಲ್ಲಿ ನನ್ನನ್ನು ಕಂಡಳು. ಕಂಡವಳೇ ತಲೆ ತಗ್ಗಿಸಿದಳು. ತಗ್ಗಿಸಬೇಕಾದ ತಲೆ ಅದಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಅವರಿಬ್ಬರೂ ಧೂಳಿನಲ್ಲಿ ಮರೆಯಾಗುವವರೆಗೆ ನೋಡುತ್ತಿದ್ದೆ. ಆಮೇಲೆ ಕೆಳಗೆ ನೋಡಿದರೆ, ನನ್ನ ಬಲಗಾಲು ಇದ್ದಷ್ಟೂ ಬಲದಿಂದ ನೆಲವನ್ನು ಒತ್ತುತ್ತಿತ್ತು.